ಅತ್ತೆ ಹಚ್ಚಿದ ಬಳ್ಳಿ

ಜಾಲಹಳ್ಳಿ ಬಸ್‌ಸ್ಟ್ಯಾಂಡಿನ ತಗಡಿನ ಮೇಲೆ ಮಳೆ ಮಧ್ಯಾಹ್ನದಿಂದ ಒಂದೇ ಸಮನೆ ಬಾರಿಸುತ್ತಿತ್ತು. ಕಳೆ ತೆಗೆದು ಬಂದ ಏಳೆಂಟು ಹೆಂಗಸರು ಬಾರದ ಬಸ್ಸಿಗೆ ಕಾಯುತ್ತ ಒತ್ತಿಕೊಂಡು ಕೂತಿದ್ದರು. ನಡುವೆ ಎಲೆಯಡಿಕೆ ಜಗಿಯುತ್ತಿದ್ದ ಮುದುಕಿ ಹುಲಗೆಮ್ಮ. ಮೂವತ್ತು ವರ್ಷ ಮಾನ್ವಿಯ ಮನೆಗಳ ಹಿತ್ತಲು ಹಸನು ಮಾಡಿದವಳು. ಕಳೆ ಕಿತ್ತು ಕಿತ್ತು ಸಾಕಾಯಿತೆಂದು ಪಕ್ಕದಲ್ಲಿ ಕೂತಿದ್ದ ರಾಧಾ ಗೊಣಗಿದ್ದೇ ತಡ, ಮುದುಕಿ ತಿರುಗಿ ಕೂತಳು.

"ಸಾಕಾತೇನ ಬೇ ನಿನಗ? ಜಾನಕಿಬಾಯಿ ಪಾಡು ಕೇಳಿದ್ರ ಏನಂತಿ?... ಮಾನ್ವ್ಯಾಗ ಆಚಾರ್ರ ಮನಿ ಸೊಸಿ. ಅಕಿ ಹಿತ್ತಲದಾಗ ಐವತ್ತು ತುಳಸಿ ಗಿಡ. ದಿನಾ ಪೂಜಿಗೆ ಅದೇ, ತೀರ್ಥಕ್ಕ ಅದೇ, ಓಣಿ ಮಂದಿಗೆಲ್ಲ ಅದೇ, ಅದು ಹೋತಂದ್ರ ಅಕಿ ಜೀವಾನೇ ಹೋದಂಗ. ಅಂಥಾ ತೋಟದ ಮೂಲ್ಯಾಗ ಅಕಿ ಅತ್ತಿ ಗುಲಾಬಿ ಬಣ್ಣದ ಹೂವಿನ ಬಳ್ಳಿ ಒಂದು ಹಚ್ಚಿ ಸತ್ತಿದ್ಲು. ಸತ್ತ ವರ್ಷಕ್ಕ ನೋಡ್ರಿ, ಬಳ್ಳಿ ಹಬ್ಬಿ ಹಬ್ಬಿ ಅರ್ಧ ತುಳಸಿ ಕುತ್ತಿಗಿ ಹಿಚುಕಿತ್ತು.

ಗೊಬ್ಬರದ ಅಂಗಡ್ಯಾವ ಅಂದ, 'ಬಾಯಾರ, ಒಂದು ಡಬ್ಬಿ ಔಷಧ ಹೊಡೀರಿ, ಎಂಟು ದಿನದಾಗ ಸುಟ್ಟು ಹೋಗ್ತದ.' 'ತೀರ್ಥದಾಗ ಹಾಕ್ಕೊಂಡು ಕುಡಿಯೋ ಎಲಿಗೆ ವಿಷಾ ಹೊಡೀಲೇನೋ, ನಿನ್ನ ಬಾಯಾಗ ಮಣ್ಣ ಬೀಳ!' ಅಂತ ಬೈದು, ಸೆರಗು ಕಟ್ಟಿ, ಕುಡಗೋಲು ಹಿಡಿದು ಬುಡ ಕೊಯ್ದ್ಲು, ಕುದಿಯೋ ಗಂಜಿ ಹೊಯ್ದ್ಲು, ಮಿಲ್ಲಿನ ಹೊಟ್ಟು ತಂದು ಮೊಣಕಾಲುದ್ದ ಮುಚ್ಚಿದ್ಲು. ಸಾಯಬೇಕಲ್ಲ?... ಸಾಯಲಿಲ್ಲ ಯವ್ವಾ! ಮಂಗಳವಾರ ಕಳೆದು ಬುಧವಾರ ಮುಂಜಾನಿ ನೋಡಿದ್ರ ಮತ್ತ ತುಳಸಿಗೆ ಸುತ್ತಿತ್ತು. ಸುತ್ತಿದ್ದಲ್ಲ... ಕಟ್ಟಿತ್ತು. ಹೂವಿನ ಮಾಲಿ ಕಟ್ಟೋ ಗಂಟು! ಸತ್ತ ಅತ್ತಿ ಗಂಟು, ಅಕಿ ಬದುಕಿದ್ದಾಗ ಕಟ್ಟಿದಂಗ ಎಡಗೈಲೆ ಹಾಕಿದ್ದು.

ಶುಕ್ರವಾರ ಕಳೆದ್ರ ಹಂಗ, ದ್ವಾದಶಿ ಕಳೆದ್ರ ಹಂಗ. ಯಾಕ ಹೇಳ್ರಿ? ಆ ದಿನ ಅವರು ತುಳಸಿ ಕೀಳೂದಿಲ್ಲ. ಅತ್ತಿ ಅದಕ್ಕೊಂದು ಬಾಲ ಹಚ್ಚಿದ್ಲು, ಆ ದಿನ ತೋಟಕ್ಕ ಕಾಲೇ ಇಡಬಾರದು ಅಂತ. ಇಪ್ಪತ್ತು ವರ್ಷ ಸೊಸಿ ಅದನ್ನೂ ಶಾಸ್ತ್ರ ಅಂತ ನಂಬಿ ಬಾಗ್ಲಾ ಹಾಕ್ಕೊಂಡು ಕೂಡ್ತಿದ್ಲು, ಪಾಪ! ಒಂದು ದ್ವಾದಶಿ ಪಾರಣಿ ಮುಗಿಸಿ ಕಿಡಕ್ಯಾಗ ನೋಡ್ತಾಳ... ಹಾಡಹಗಲ... ಬಳ್ಳಿ ಸರಸರ ಹರದಾಡಾಕತ್ತದ. ನಡುವ ಹಸಿರು ಬಳಿ ತೊಟ್ಟ ಎಡಗೈ ಒಂದು, ಗಂಟು ಹಾಕಾಕತ್ತದ!

ನೀವಾಗಿದ್ರ ಓಡಿ ಹೋಗ್ತಿದ್ರಿ. ಅಕಿ ಕಬ್ಬಿಣದ ಹಾರಿ ಹಿಡಿದು ಬಾಗ್ಲಾ ಒದ್ದು ಇಳಿದ್ಲು. 'ತುಳಸಿ ಕೀಳಬಾರದು ಅನ್ನೋದು ಶಾಸ್ತ್ರ, ಅತ್ತ್ಯಾರ. ಕಳಿ ಕೀಳಬಾರದು ಅನ್ನೋದು ನಿಮ್ಮ ಮಾತು!' ಅಂತ ಒದರಿ ಅಗಿದ್ಲು ನೋಡ್ರಿ... ಗೆಣಸಿನಂಥಾ ಗಡ್ಡಿ, ಒಂದರ ಕೆಳಗ ಒಂದು, ಆಳುದ್ದ ತೆಗ್ಗಿನ ತನಾ. ಆ ಕೈ ಬಳ್ಳಿ ಬಿಟ್ಟು ಅಕಿ ಜಡಿ ಹಿಡೀತು. ಬಿಟ್ಲೇನು ಅಕಿ? ಕಡೀ ಗಡ್ಡಿ ಮ್ಯಾಲ ಬಂದದ್ದೇ ಬಳಿ ಚೂರುಚೂರು, ಕೈ ಮಾಯ! ಗಡ್ಡಿ ಎಲ್ಲಾ ಮಾಳಿಗಿ ಮ್ಯಾಲ ಒಣಗಿಸಿ, ಒಲಿಗೆ ಹಾಕಿ, ಆ ಉರಿ ಮ್ಯಾಲ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದ್ಲು. ಈಗ ಹೋಗಿ ನೋಡ್ರಿ, ತುಳಸಿ ಎದಿಮಟ ಬೆಳೆದಾವ!"

ರಾಧಾ ಉಸಿರು ಬಿಟ್ಟು ನಕ್ಕಳು. "ಅಂದ್ರ ಮುಗೀತಲ್ಲ, ಆಯಿ?"

"ಮುಗೀತು ಅಂತ ಯಾರಂದ್ರು? ದ್ವಾದಶಿಗೊಮ್ಮೆ ಒಂದು ಚಿಗುರು ಏಳ್ತದ, ಅಕಿ ಚಿವುಟಿ ಒಗೀತಾಳ. ಮೊನ್ನಿ ಅಕಿ ರಾಯಚೂರಿಗೆ ಹೋಗಿದ್ಲು, ನಾನೇ ಹೋಗಿ ಕಿತ್ತೆ... ಬೆರಳುದ್ದ ಇತ್ತು. ಹಿಡಿದ್ರ ಬಿಸಿ ಇತ್ತು ಯವ್ವಾ... ನಾಡಿ ಬಡಿಯಾಕತ್ತಿತ್ತು."