ಕೊಟ್ಟಿಗೆ ಕೊಟ್ಟವರ ಸೀಟು

ಕಾಲೇಜಿನ ಕಚೇರಿ ಮುಂದೆ ಅಡ್ಮಿಷನ್ ಸಾಲು ನಿಧಾನವಾಗಿ ಸರಿಯುತ್ತಿತ್ತು. ನನ್ನ ಮುಂದೆ ಒಬ್ಬ ರೈತ, ಅವನ ಮಗಳು.

"ಸಾಲಲ್ಲಿ ಯಾಕೆ ನಿಂತೆ?" ಅಂದ ರೈತ ಮಗಳಿಗೆ. " ನಮ್ಮ ತಾತ ದನದ ಕೊಟ್ಟಿಗೆ ಬಿಟ್ಟುಕೊಟ್ಟಿದ್ದಕ್ಕೇ ಈ ಕಾಲೇಜು ಶುರುವಾಗಿದ್ದು. ವರ್ಷಕ್ಕೊಂದು ಸೀಟು ನಮ್ಮ ಮನೆಗೇ. ನಾನೂ ಅದರಲ್ಲೇ ಓದಿದ್ದು."

"ಹಾಸ್ಟೆಲ್ ಮಕ್ಕಳು ಕಾಲೇಜಿನ ದನಗಳ ಸಗಣಿ ಬಾಚೋ ಪದ್ಧತೀನೂ ನಿನ್ನ ತಾತನದ್ದೇ ಅಂತೇನಪ್ಪ?"

"ಹೂಂ. ಬೆಳಗ್ಗೆ ಸಗಣಿ, ಆಮೇಲೆ ತತ್ವಶಾಸ್ತ್ರ, ಸಂಗೀತ, ಗಣಿತ. ತತ್ವಶಾಸ್ತ್ರದಲ್ಲಿ ಒಳ್ಳೇ ನಿದ್ದೆ ಬರ್ತಿತ್ತು."

"ಅಪ್ಪ, ನನ್ನ ಹೆಸರು ಮಾರ್ಕ್ಸ್ ಪಟ್ಟಿಯಲ್ಲೇ ಬಂದಿದೆ. ಒಂಬತ್ತನೇದು."

"ಅಯ್ಯೋ, ಮೊದಲೇ ಬಾಯಿ ಬಿಡಬಾರದಾ? ಹಾಗಾದ್ರೆ ನಮ್ಮ ಸೀಟು?"

"ಪಕ್ಕದ್ಮನೆ ಟೈಲರ್ ಅಕ್ಕನ ಮಗಳಿಗೆ ಕೊಡು. ಅವಳಿಗೆ ಎರಡು ಮಾರ್ಕ್ಸಲ್ಲಿ ತಪ್ಪಿಹೋಯ್ತು. ನೀನು ಬರೆದುಕೊಟ್ಟರೆ ಆಗುತ್ತಂತೆ. ಇವತ್ತೇ ಕೊನೇ ದಿನ."

"ಅದು ಮನೆತನದ್ದು ಕಣೇ."

"ಕೊಟ್ಟಿಗೇನೂ ಮನೆತನದ್ದೇ ಆಗಿತ್ತಲ್ಲಪ್ಪ."

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು.

"ಸಗಣಿ ಬಾಚ್ತಾಳಾ ಅವಳು?"

"ನನಗಿಂತ ಚೆನ್ನಾಗಿ."

"ಅದೇನು ದೊಡ್ಡ ಮಾತಲ್ಲ ಬಿಡು. ಅವರಮ್ಮನಿಗೆ ಫೋನ್ ಮಾಡು. ಹೊಲಿಗೆ ನಿಲ್ಲಿಸಿ ಮಗಳನ್ನ ಕರ್ಕೊಂಡು ಬರಲಿ. ಪ್ರಿನ್ಸಿಪಾಲರು ಊಟಕ್ಕೆದ್ದರೆ ಕಷ್ಟ."

"ಬೆಳಗ್ಗೆಯಿಂದ ಗೇಟ್ ಹತ್ರಾನೇ ನಿಂತಿದ್ದಾರಪ್ಪ ಇಬ್ಬರೂ."

ರೈತ ಮಗಳ ಮುಖ ನೋಡಿದ. "ಇಂಥ ಬಿಸಿಲಲ್ಲಿ?" ಅಂದವನೇ ಸಾಲು ಬಿಟ್ಟು ಗೇಟಿನ ಕಡೆ ಬಿರಬಿರನೆ ನಡೆದ. ಮಗಳೂ ಹಿಂದೆಯೇ ಹೋದಳು.