ಹೆಂಗಸರ ದಾರಿಗೊಂದು ಗಾಡಿ

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ನನ್ನ ತಮ್ಮ ಷೆತೆಯ ಫೋನು. ನೀವ್ಯಾರು?…

ಗುರಾಮ್. ಹಾಂ, ರುಸ್ತವಿ ಸಂತೇಲಿ ಹಳೇ ಗಾಡಿ ಮಾರೋ ಗುರಾಮ್. ನಮಸ್ಕಾರ. ನಾನು ಅವನ ಅಕ್ಕ ಮರೇಖಿ, ಅಲ್ವಾನಿಯಿಂದ ಮಾತಾಡ್ತಿರೋದು. ಅವನೆಲ್ಲಿ?…

ಕೈ ತೊಳೀತಿದಾನಾ. ಗಾಡಿ ನೋಡೋಕೆ ಹೋದವನು ಕೈ ಯಾಕೆ ತೊಳೀತಾನೆ? ಗ್ರೀಸು ಮೆತ್ತಿಕೊಂಡಿತಾ?… ಓಹೋ, ಊಟಕ್ಕೆ. ಖಿಂಕಲಿ ಕಡುಬು ಬೇಯ್ತಿದೆ. ಗಾಡಿಯ ಹೊಟ್ಟೆ ಕೆಳಗೆ ಬಗ್ಗಿ ನೋಡೋ ಮೊದಲೇ ತನ್ನ ಹೊಟ್ಟೆ ನೋಡ್ಕೊಂಡ, ಅಲ್ವಾ… ಇಲ್ಲಪ್ಪ, ನಿಮಗಂದಿದ್ದಲ್ಲ. ಅವನಿಗೆ ಫೋನ್ ಕೊಡಿ…

ಷೆತೇ. ದೇವರು ನಿನ್ನ ಚೆನ್ನಾಗಿಟ್ಟಿರಲಿ. ಬೆಳಿಗ್ಗೆ ಎದ್ದು ಗಿಯೋರ್ಗಿ ಸಂತನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಸ್ವಾಮಿ, ಇವತ್ತೊಂದು ದಿನ ನನ್ನ ತಮ್ಮನ ಮೇಲೆ ಕೋಪ ಬರದ ಹಾಗೆ ನೋಡ್ಕೋ ಅಂತ ಬೇಡ್ಕೊಂಡು ಕೂತಿದೀನಿ. ಬತ್ತಿ ಇನ್ನೂ ಅರ್ಧ ಉರಿದಿಲ್ಲ. ಈಗ ಹೇಳು, ಯಾವ ಗಾಡಿ ಆರಿಸಿದೆ?…

ಕರೀ ಗಾಡಿ ಅಂದೆಯಾ?…

ಕರೀದಾ? ನಾನು ಹೇಳಿ ಕಳಿಸಿದ್ದು ಬೂದು ಬಣ್ಣದ್ದು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಹೇಳಿದೆ. ನಿನ್ನ ಭಾವನೂ ಹಾಸಿಗೆಯಿಂದಲೇ ಕೂಗಿ ಹೇಳಿದ್ರು. ಬೂದು ಗಾಡಿ, ಸಾದಾ ಮಾಡೆಲ್, ಅದನ್ನ ಬಿಟ್ಟು ಬೇರೆದನ್ನ ಮುಟ್ಟಬೇಡ ಅಂತ. ಹೇಳಿದೆವೋ ಇಲ್ವೋ?…

ಹಾಂ, ಒಂದೇ ಕಂಪನಿ. ಒಂದೇ ವರ್ಷ ಹುಟ್ಟಿದ್ದು. ಒಪ್ಪಿದೆ. ನೀನೂ ನಾನೂ ಒಂದೇ ತಾಯಿಗೆ ಹುಟ್ಟಿದವರು ಕಣೋ, ಇಬ್ಬರಿಗೂ ಒಂದೇ ಬುದ್ಧಿ ಇದೆಯಾ?…

ಟಾಪ್ ಮಾಡೆಲ್. ಸರಿ, ಹೇಳು, ಕೇಳಿಸ್ಕೋತೀನಿ. ಅದರಲ್ಲಿ ಅಂಥದ್ದೇನಿದೆ?…

ಚರ್ಮದ ಸೀಟು. ಯಾವ ಪ್ರಾಣಿಯ ಚರ್ಮ?… ನಗಬೇಡ. ಪಕ್ಕದಲ್ಲೇ ಕೂತಿದಾನಲ್ಲ, ಕೇಳು ಅವನನ್ನ. ಹಂದಿದಾದ್ರೆ ಅದು ಅಬಾನೋ ಘಾಟಿ ದಾಟಿ, ಬೇಸಿಗೇಲಿ ನಾವು ಹತ್ತೋ ತುಷೇತಿ ಬೆಟ್ಟಕ್ಕೆ ಬರಬಾರದು. ನಮ್ಮ ಸಂತನ ಬೆಟ್ಟಕ್ಕೆ ಹಂದಿ ಮಾಂಸ ಬರಬಾರದು ಅಂದ್ಮೇಲೆ ಚರ್ಮ ಬರಬಹುದಾ? ಕೇಳು… ದನದ್ದಂತಾ. ಆಣೆ ಮಾಡಿ ಹೇಳ್ತಾನಾ? ಸರಿ, ಅದೊಂದು ಪಾಪ ತಪ್ಪಿತು. ಮುಂದೆ…

ಸೀಟು ಬೆಚ್ಚಗಾಗುತ್ತೆ. ಯಾರಿಗೆ? ಕುರಿ ಉಣ್ಣೆಯ ಮೂರು ಲಂಗ ಹಾಕ್ಕೊಂಡು ಕೂತ್ಕೊಳ್ಳೋಳು ನಾನು… ಮುಂದೆ ಹೇಳು…

ಗಾಡಿ ಮೇಲ್ಛಾವಣಿಗೆ ಗಾಜು. ನಕ್ಷತ್ರ ಕಾಣುತ್ತೆ. ಷೆತೇ, ಬೆಟ್ಟದಲ್ಲಿ ನಮ್ಮ ಹತ್ರ ಬರೋ ಪ್ರವಾಸಿಗಳು ಡೇರೆ ಹಾಕ್ಕೊಂಡು ಬಯಲಲ್ಲಿ ಮಲಗೋಕೆ ಅಂತ ದೇಶ ದಾಟಿ ಬರ್ತಾರೆ. ಅವರಿಗೆ ನಕ್ಷತ್ರ ನೋಡೋಕೆ ಗಾಜು ಬೇಕಾ? ಆ ಡೇರೆ, ಚಾಪೆ, ದೊಡ್ಡ ಹಂಡೆ, ಸೌದೆ, ಎಲ್ಲ ಎಲ್ಲಿ ಕಟ್ಟಲಿ? ಗಾಜಿನ ಮೇಲಾ?… ಬೂದು ಗಾಡಿಗೆ ಕಬ್ಬಿಣದ ಕ್ಯಾರಿಯರ್ ಇದೆ. ಫೋಟೋದಲ್ಲಿ ನೋಡಿದೀನಿ. ತುಕ್ಕು ಹಿಡಿದಿರಲಿ. ತುಕ್ಕು ಉಜ್ಜಿದ್ರೆ ಹೋಗುತ್ತೆ, ಗಾಜು ಉಜ್ಜಿದ್ರೆ ಕಬ್ಬಿಣ ಆಗಲ್ಲ…

ನಾನು ಕೂಗ್ತಿಲ್ಲ. ನನ್ನ ಗಂಟಲೇ ಹೀಗೆ. ಚಕ್ರ ನೋಡಿದೆಯಾ?… ದೊಡ್ಡ ಚಕ್ರ, ಥಳಥಳ ಹೊಳೆಯುತ್ತೆ. ಸರಿ, ರಬ್ಬರೆಷ್ಟಿದೆ? ಬೆರಳಿಟ್ಟು ನೋಡಿದೆಯಾ? ನನಗೆ ಇಲ್ಲಿಂದಲೇ ಕಾಣ್ತಿದೆ. ಮದುವಣಿಗನ ಉಂಗುರದ ಹಾಗೆ ತೆಳ್ಳಗೆ ಸುತ್ತಿರ್ತಾರೆ. ಘಾಟಿಯ ಕಲ್ಲು ಅದನ್ನ ಬೆಣ್ಣೆ ಕೊಯ್ದ ಹಾಗೆ ಕೊಯ್ಯುತ್ತೆ. ಸಾದಾ ಗಾಡಿಯ ಚಕ್ರ ಸಣ್ಣದು, ಟೈರು ದಪ್ಪ. ಗಾಳಿ ಸ್ವಲ್ಪ ಬಿಟ್ಟರೆ ಕಲ್ಲನ್ನ ತಬ್ಬಿಕೊಂಡು ಹೋಗುತ್ತೆ. ನಿನ್ನ ಭಾವ ಇದನ್ನ ನಿನಗೆ ಹೇಳಿಕೊಟ್ಟಿರಲಿಲ್ವಾ? ಅವರ ಪಕ್ಕ ಕೂತು ಅದೆಷ್ಟು ಬೇಸಿಗೆ ಬೆಟ್ಟ ಹತ್ತಿದೆ ನೀನು? ನಿದ್ದೆ ಮಾಡ್ತಿದ್ದೆಯಾ?…

ಅದೆಲ್ಲ ಬಿಡು. ಒಂದೇ ಒಂದು ಕೇಳ್ತೀನಿ. ಗೇರಿನ ಪಕ್ಕ ಇನ್ನೊಂದು ಪುಟ್ಟ ಲಿವರ್ ಇದೆಯಾ? ಲೋ ಗೇರಿಗೆ ಹಾಕೋದು?… ಇಲ್ಲ. ಅದರ ಬದಲು ಗುಂಡಿ. ಗುಂಡಿ ಒತ್ತಿದರೆ ಏನಾಗುತ್ತೆ?… ದೀಪ ಹತ್ತುತ್ತೆ. ನಾನಿಲ್ಲಿ ಹಚ್ಚಿದೀನಲ್ಲ ದೀಪ, ಅದೇ ಸಾಕು ನಮಗೆ…

ಹಾಂ, ನಾಲ್ಕೂ ಚಕ್ರ ತಿರುಗುತ್ತೆ. ಇಲ್ಲ ಅಂದೆನಾ ನಾನು? ತಿರುಗೋದಲ್ಲ ಕಣೋ ಬೇಕಾದ್ದು. ತಡೆಯೋದು ಬೇಕು. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ, ಎತ್ತು ಹೆಜ್ಜೆ ಇಟ್ಟ ಹಾಗೆ ಇಳಿಯೋ ಗಾಡಿ ಬೇಕು. ಅದಕ್ಕೆ ಲೋ ಗೇರು ಬೇಕು…

ಏನಂದೆ? ಇನ್ನೊಂದ್ಸಲ ಹೇಳು. ಊರ ದಾರಿ ಈಗ ಅಷ್ಟು ಕೆಟ್ಟಿಲ್ಲ. ಮಣ್ಣು ಸವರಿದಾರೆ, ಸಣ್ಣ ಕಾರೂ ನಮ್ಮೂರು ತೆತ್ರಿಗೋರಿ ಮುಟ್ಟುತ್ತೆ. ಯಾವ ದಾರಿ ಅದು, ಷೆತೇ?… ಮೇಲಿನ ದಾರಿ. ಸಂತನ ಗುಡಿಯ ಮುಂದಿನ ದಾರಿ…

…

ಇದ್ದೀನಿ. ಕೇಳಿಸ್ತು. ವಾಲಿದ ಬತ್ತಿ ನೆಟ್ಟಗೆ ಮಾಡ್ತಿದ್ದೆ. ಈಗ ನೀನು ಹೇಳು, ಈ ಗಾಡಿ ಓಡಿಸೋರು ಯಾರು?… ಜೋರಾಗಿ ಹೇಳು, ಗುರಾಮನಿಗೂ ಕೇಳಲಿ… ನಾನು. ನಿನ್ನ ಅಕ್ಕ. ಭಾವನ ಕಣ್ಣು ಮಂಜಾಯ್ತು, ಅವರಿನ್ನು ಸ್ಟೇರಿಂಗ್ ಹಿಡಿಯೋ ಹಾಗಿಲ್ಲ, ಅದಕ್ಕೇ ನಾನು ಲೈಸೆನ್ಸ್ ಮಾಡಿಸ್ಕೊಂಡೆ. ಈ ಬಯಲಿನ ಮಣ್ಣು ದಾರೀಲಿ ಎರಡು ಚಳಿಗಾಲ ಪಕ್ಕದ ಮನೆ ಗಾಡಿ ಓಡಿಸಿ ಕೈ ಪಳಗಿಸ್ಕೊಂಡೆ. ನಾನು ಹೆಂಗಸು ತಾನೆ?… ಹೆಂಗಸು ಗುಡಿಯ ಮುಂದೆ ಹೋಗಬಹುದಾ?…

ಅಮ್ಮ ಹೋದಳಾ? ಅಜ್ಜಿ ಹೋದಳಾ? ಊರೊಳಗೆ ಹೋಗೋಕೆ ನಮಗಿರೋದು ಕೆಳಗಿನ ದಾರಿ. ನೀವು ಗಂಡಸರು ಕವಲಿನಲ್ಲಿ ಗಾಡಿ ನಿಲ್ಲಿಸಿ, ಇಳೀರಮ್ಮ ಅಂತೀರಿ. ನಾವು ಇಳೀತೀವಿ. ನೀವು ಟೋಪಿ ತೆಗೆದು, ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಂಡು ಗುಡಿ ಮುಂದೆ ಹಾಯಾಗಿ ಹೋಗ್ತೀರಿ. ಊರ ಬಾಗಿಲಲ್ಲಿ ಸಿಗರೇಟು ಸೇದ್ತಾ, ಇನ್ನೂ ಬಂದಿಲ್ವಲ್ಲ ಇವರು ಅಂತ ಗೊಣಗ್ತೀರಿ. ನಾವು ಕೆಂಪು ಜೇಡಿಯ ಜಾರಿನಲ್ಲಿ ಒಬ್ಬರ ಕೈ ಒಬ್ಬರು ಹಿಡ್ಕೊಂಡು ಇಳಿದು, ಲಂಗ ಎತ್ತಿ ಹೊಳೆ ದಾಟಿ, ಆ ಕಡೆ ದಡ ಹತ್ತಿ ಬರ್ತೀವಿ. ಅಲ್ಲಿ ಜಾರು ಎಷ್ಟಿದೆ ಅಂತ ಯಾವತ್ತಾದ್ರೂ ಕೇಳಿದೀಯಾ? ಒಂದ್ಸಲ ನಡೆದಿದೀಯಾ?…

ನಡೆದಿಲ್ಲ. ಅದಕ್ಕೇ ನಿನಗೆ ಕರೀ ಗಾಡಿ ಸಾಕು ಅನ್ನಿಸ್ತು. ಒಂದು ಊರಿಗೆ ಎರಡು ದಾರಿ ಇದೆ ಅನ್ನೋದೇ ನಿನ್ನ ತಲೇಲಿಲ್ಲ…

ಹೋಗುತ್ತೆ, ಗಾಡಿ ಹೋಗುತ್ತೆ. ಹುಲ್ಲಿನ ಟ್ರ್ಯಾಕ್ಟರ್ ಹೋಗೋ ಜಾಡು ಅದು. ಹೋದ ವರ್ಷ ಬೆಟ್ಟ ಇಳಿಯೋ ಮುಂಚೆ ಕೋಲು ಹಿಡ್ಕೊಂಡು ಪೂರ್ತಿ ನಡೆದು ನೋಡಿದೀನಿ. ಯಾವ ಕಲ್ಲು ಅಲ್ಲಾಡುತ್ತೆ, ಹೊಳೆ ಎಲ್ಲಿ ಮೊಣಕಾಲುದ್ದ, ಎಲ್ಲಿ ಸೊಂಟದುದ್ದ, ಎಲ್ಲ ಗೊತ್ತು. ಲೋ ಗೇರು, ದಪ್ಪ ಟೈರು, ನೆಲ ತಾಗದಷ್ಟು ಎತ್ತರದ ಹೊಟ್ಟೆ, ಇಷ್ಟಿದ್ರೆ ದಾಟಬಹುದು. ಡೇರೆಗೆ ಬರೋ ಹೆಂಗಸರೂ ಇನ್ನು ಒದ್ದೆ ಆಗಬೇಕಾಗಿಲ್ಲ. ಇಷ್ಟನ್ನೂ ಯೋಚನೆ ಮಾಡಿ ಬೂದು ಗಾಡಿ ಅಂದೆ. ಬಣ್ಣ ನೋಡಿ ಅಂದಿದ್ದಲ್ಲ…

ಏನು?… ಯಾರು ನೋಡ್ತಾರೆ ಅಂತೀಯಾ?…

ಷೆತೇ, ಆ ಮಾತು ವಾಪಸ್ ತಗೋ. ಮುಸ್ಸಂಜೇಲಿ ಮೇಲಿನ ದಾರೀಲಿ ನುಸುಳಿಬಿಡು, ಯಾರೂ ನೋಡಲ್ಲ ಅಂತ ನನಗೆ ಹೇಳ್ತೀಯಾ? ಕಳ್ಳಿ ಹಾಗೆ ನನ್ನ ಊರಿಗೆ ನಾನು ಹೋಗ್ಲಾ?…

ಕೇಳಿಲ್ಲಿ. ಅಜ್ಜಿ ಹೇಳ್ತಿದ್ದ ಕಥೆ ನೀನು ಕೇಳಿಲ್ಲ, ಗಂಡುಮಕ್ಕಳಿಗೆ ಹೇಳ್ತಿರಲಿಲ್ಲ ಅದನ್ನ. ಹೊಳೆ ದಾಟುವಾಗ ನಮಗೆ ಮಾತ್ರ ಹೇಳ್ತಿದ್ದಳು. ಸಂತ ಗುಡಿಯಲ್ಲೇ ಇರ್ತಾನೆ ಅಂತ ಗಂಡಸರು ತಿಳ್ಕೊಂಡಿದಾರೆ, ಇರಲಿ ಬಿಡಿ. ಆದ್ರೆ ಅವನದ್ದೊಂದು ಬಿಳೀ ಕುದುರೆ ಇದೆಯಲ್ಲ, ಅದಕ್ಕೆ ನೀರು ಬೇಡವಾ? ಗುಡಿ ಇರೋದು ಒಣಗುಡ್ಡದ ಮೇಲೆ. ದಿನಾ ಹೊತ್ತು ಇಳಿದಾಗ ಕುದುರೆ ಹಿಡ್ಕೊಂಡು ಅವನು ಇದೇ ದಾರೀಲಿ ಹೊಳೆಗೆ ಇಳೀಬೇಕು, ಇದೇ ಕೆಂಪು ಮಣ್ಣಿನಲ್ಲಿ ಜಾರಬೇಕು. ಮೇಲೆ ಹೋದವರಿಗೆ ಅವನ ಬಾಗಿಲು ಸಿಗುತ್ತೆ, ಕೆಳಗೆ ಬಂದವರಿಗೆ ಅವನೇ ಸಿಗ್ತಾನೆ ಅನ್ನೋಳು. ನಾನು ಆ ದಾರಿ ಬಿಟ್ಟು ಯಾಕೆ ಬರಲಿ? ನೀವು ಮೇಲೆ ಬಿಡ್ತಿಲ್ಲ ಅಂತಲ್ಲ ನಾನು ಕೆಳಗೆ ಹೋಗೋದು. ಅದು ನನ್ನದು ಅಂತ ಹೋಗ್ತೀನಿ…

ಹಾಂ, ಕೇಳಿಸ್ಕೊಂಡೆಯಲ್ಲ. ಇನ್ನೊಂದು ಕೇಳಿಬಿಡ್ತೀನಿ. ಅಕ್ಕ ಒಂದು ಬೇಸಿಗೆ ಓಡಿಸ್ತಾಳೆ, ಹೆದರಿಕೊಂಡು ಕೀ ನನ್ನ ಕೈಗೆ ಕೊಡ್ತಾಳೆ, ಆಮೇಲೆ ಗಾಡಿ ನಂದೇ. ಹಾಗಂದುಕೊಂಡೇ ಕರೀದು ಆರಿಸಿದ್ದಾ?…

ಹೇಳು…

ಕೆಮ್ಮಬೇಡ, ಷೆತೇ…

ಗೊತ್ತಾಯ್ತು. ಬಿಡು, ಹೇಳಬೇಡ. ಸುಳ್ಳು ಹೇಳೋದಕ್ಕಿಂತ ಅದೇ ವಾಸಿ…

ನಿನ್ನ ಭಾವ ಎರಡು ಕುದುರೆ ಮಾರಿದ್ದು ನಿನ್ನ ಮೆರವಣಿಗೆಗಲ್ಲ. ಕುದುರೆ ಹೊರಟಾಗ ಕಾಣದ ಕಣ್ಣಲ್ಲೇ ಅವುಗಳ ಮೂತಿ ಸವರಿ ಕಳಿಸಿದ್ರು. ಈ ಬೇಸಿಗೆ ನಾನು ಗಾಡಿ ಹತ್ತಿಸದೆ ಹೋದ್ರೆ, ಬರೋ ಬೇಸಿಗೆಗೆ ಡೇರೆಯವರು ಬೇರೆ ಮನೆ ನೋಡ್ಕೋತಾರೆ. ಆಮೇಲೆ ಗಂಡ ಹೆಂಡತಿ ಇಬ್ಬರೂ ಈ ಬಯಲಿನ ಸೆಖೇಲಿ ಕೂತು, ಬೆಟ್ಟದಲ್ಲಿ ಈಗ ಹುಲ್ಲು ಎಷ್ಟುದ್ದ ಬೆಳೆದಿರಬಹುದು ಅಂತ ಮಾತಾಡ್ಕೋಬೇಕು. ಇನ್ನೊಂದು ಗಾಡಿ ತರೋಕೆ ಇನ್ನು ಕುದುರೆ ಇಲ್ಲ ನಮ್ಮ ಹತ್ರ. ಗೊತ್ತಾಯ್ತಾ? ಹೋಗು, ಬೂದು ಗಾಡಿಗೆ ಮಾತು ಮುಗಿಸು…

ಮಾತು ಕೊಟ್ಟಾಯ್ತಾ? ಯಾವಾಗ? ಖಿಂಕಲಿ ಇನ್ನೂ ಬೆಂದಿಲ್ಲ ಅಂದನಲ್ಲ ಅವನು… ವೈನ್ ಮೊದಲೇ ಬಂತು. ಬಂದೇ ಬರುತ್ತೆ. ಯಾರ ಹೆಸರಲ್ಲಿ ಲೋಟ ಎತ್ತಿದೆ?… ಅಯ್ಯೋ ದೇವರೇ. ನಮ್ಮ ಗಿಯೋರ್ಗಿ ಸಂತನ ಹೆಸರಲ್ಲಿ. ಆ ಹೆಸರು ಹಿಡಿದು ಕರೀ ಗಾಡಿ ತಗೋತೀನಿ ಅಂದೆಯಾ? ಇಲ್ಲಿ ಅವನ ಮುಂದೆ ನಾನು ಬತ್ತಿ ಹಚ್ಚಿ ಕೂತಿದ್ರೆ, ಅಲ್ಲಿ ನೀನು ಅವನನ್ನೇ ಜಾಮೀನು ಕೊಟ್ಟೆಯಾ?…

ಇಲ್ಲ, ಮುರಿಯೋದು ಬೇಡ. ಆ ಹೆಸರಲ್ಲಿ ಕೊಟ್ಟ ಮಾತು ಮುರಿಯೋಳಲ್ಲ ನಾನು. ಫೋನ್ ಗುರಾಮ್‌ಗೆ ಕೊಡು… ಕೊಡು ಅಂದೆ…

ಗುರಾಮ್, ತಪ್ಪು ತಿಳ್ಕೋಬೇಡಿ, ಜೋರಾಗಿ ಮಾತಾಡಿದೆ. ನಿಮ್ಮ ತಾಯಿ ಇದಾರಾ?… ದೇವರು ಆಯುಸ್ಸು ಕೊಡಲಿ. ಒಂದು ಮಾತು ಕೇಳ್ತೀನಿ, ಸಂತೆಯವರಾಗಿ ಹೇಳಬೇಡಿ, ಮಗನಾಗಿ ಹೇಳಿ. ಮಳೆ ಬಿದ್ದು ನೆನೆದ ಜೇಡಿಮಣ್ಣು. ಕಡಿದಾದ ಇಳಿಜಾರು, ಕೆಳಗೆ ಹೊಳೆ. ಆ ಕರೀ ಗಾಡಿಯ ಸ್ಟೇರಿಂಗ್ ನಿಮ್ಮ ತಾಯಿ ಕೈಗೆ ಕೊಟ್ಟು, ಇಳಿಸಮ್ಮ ಅಂತೀರಾ?…

ಯೋಚನೆ ಮಾಡಿ, ಅವಸರ ಇಲ್ಲ…

ಅನ್ನಲ್ಲ. ಬೂದು ಗಾಡಿ ಆದ್ರೆ?… ಹಾಂ. ನಿಮ್ಮ ಬಾಯಲ್ಲೇ ಬಂತು. ನೋಡಿ, ನನ್ನ ತಮ್ಮ ಮಾತು ಕೊಟ್ಟಿದ್ದು ನಿಮಗೆ. ಅದನ್ನ ಬಿಟ್ಟುಕೊಡೋದು ನಿಮ್ಮ ಕೈಲಿದೆ, ಅವನ ಕೈಲಿಲ್ಲ. ಬಿಟ್ಟುಕೊಡ್ತೀರಾ?…

ದೊಡ್ಡ ಮನಸ್ಸು. ಹಾಗಾದ್ರೆ ಇನ್ನೊಂದು ಲೋಟ ಎತ್ತಿ, ಅಮ್ಮಂದಿರ ಹೆಸರಲ್ಲಿ. ಅರ್ಧ ನೆಲಕ್ಕೆ ಸುರೀರಿ, ನಮ್ಮಮ್ಮ ಈಗ ಮಣ್ಣಲ್ಲಿದಾಳೆ… ಆಯ್ತಾ? ಇನ್ನೊಂದು ಉಪಕಾರ. ಗಾಡಿ ಏರಿಸಿ ಇಳಿಸೋಕೆ ಅಲ್ಲಿ ದಿಬ್ಬ ಇದೆ ಅಲ್ವಾ? ಬೂದು ಗಾಡಿಯನ್ನ ಅದರ ಮೇಲೆ ತಗೊಂಡ್ಹೋಗಿ, ಲೋ ಗೇರಿಗೆ ಹಾಕಿ, ಬ್ರೇಕಿಂದ ಕಾಲು ತೆಗೆದು ಬಿಡಿ. ಫೋನು ಕಿಟಕಿ ಹೊರಗೆ ಹಿಡೀರಿ. ಮಾತಾಡಬೇಡಿ…

…

…

ಹಾಂ…

ಸಾಕು. ನೊಗ ಹೊತ್ತ ಎತ್ತು ನಡೆದ ಹಾಗೇ ಇದೆ. ದೇವರು ಒಳ್ಳೇದು ಮಾಡಲಿ. ನಿಮ್ಮ ಖಿಂಕಲಿ ಆರೋ ಮುಂಚೆ ಅವನಿಗೆ ಫೋನ್ ಕೊಟ್ಟು ಊಟಕ್ಕೆ ಹೋಗಿ…

ಷೆತೇ, ಕೇಳು. ಕೋಪ ಇಳಿದಿಲ್ಲ, ಸಮಾಧಾನ ಆಯ್ತು ಅಂದ್ಕೋಬೇಡ. ಹಿಮ ಕರಗಿ ಘಾಟಿ ತೆರೆದ ದಿನ ನಾವಿಬ್ಬರೂ ಗಾಡೀಲಿ ಹತ್ತೋದು, ಓಡಿಸೋದು ನಾನು. ಕವಲು ಬರುತ್ತೆ. ಗಾಡಿ ನಿಲ್ಲಿಸ್ತೀನಿ. ಇಳಿಯಪ್ಪ ಅಂತೀನಿ. ನೀನು ಇಳಿದು ಗುಡಿ ಮುಂದೆ ನಡ್ಕೊಂಡು ಹೋಗು. ಇವತ್ತು ಎತ್ತಿದ ಲೋಟಕ್ಕೆ ಕ್ಷಮೆ ಕೇಳ್ಕೊಂಡು ಬಾ. ನಾನು ಕೆಳಗಿನ ದಾರೀಲಿ ಬಂದು ಊರ ಬಾಗಿಲಲ್ಲಿ ಕಾಯ್ತಿರ್ತೀನಿ. ಇನ್ನೂ ಬಂದಿಲ್ವಲ್ಲ ಇವನು ಅಂತ ಗೊಣಗ್ತಿರ್ತೀನಿ…

ಏನಂದೆ? ಗದ್ದಲ ಇದೆ ಅಲ್ಲಿ, ಜೋರಾಗಿ ಹೇಳು…

ನನ್ನ ಜೊತೇಲಾ? ಕೆಳಗಿನ ದಾರೀಲಿ? ನೀನಾ?…

ಗಂಡಸರು ಬರಬಾರದು ಅಂತೇನಿಲ್ಲ ಅಲ್ಲಿ. ಯಾರೂ ಬಂದಿಲ್ಲ, ಅಷ್ಟೇ…

ಸರಿ, ಬಾ. ಆದ್ರೆ ಸೀಟಲ್ಲಿ ಕೂತು ಬರೋದಲ್ಲ. ಹೊಳೇಲಿ ಕಲ್ಲು ಎಲ್ಲಿ ಉರುಳಿದೆ ಅಂತ ಪ್ರತಿ ವರ್ಷ ಯಾರಾದ್ರೂ ಗಾಡಿ ಮುಂದೆ ನಡೆದು ನೋಡಬೇಕು. ಪ್ಯಾಂಟು ಮಡಚ್ಕೊಂಡು, ಕೋಲು ಹಿಡ್ಕೊಂಡು ನೀನು ಮುಂದೆ ನಡಿ, ನಿನ್ನ ಹಿಂದೆ ನಾನು ಗಾಡಿ ತರ್ತೀನಿ. ನೀರು ಹಿಮ ಕರಗಿದ್ದು, ಮೂಳೆ ಕೊರೆಯುತ್ತೆ. ಈಗಲೇ ಹೇಳಿದೀನಿ, ನಡು ಹೊಳೇಲಿ ನಿಂತ್ಕೊಂಡು, ಅಕ್ಕಾ ಕಾಲು ಮರಗಟ್ಟಿತು ಅಂತ ತಿರುಗಿ ನೋಡಿದೆಯೋ…

ಹಲೋ?…

ಹಲೋ, ಷೆತೇ? ಕೇಳಿಸ್ತಿದೆಯಾ?… ಹಲೋ…