ಅಮ್ಮ ಹೇಳಿದ ತೂಕ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯರಾದ ಗರಾಯ್ ಸರ್ ಅವರೇ, ಪ್ರಾರ್ಥನೆ ನಡೆಸಿಕೊಟ್ಟ ಪಾದ್ರಿಗಳೇ, ಊರಿನ ಮುಖಂಡರೇ, ಆರು ವರ್ಷ ನನಗೆ ಅನ್ನ ಬಡಿಸಿದ ಹಾಸ್ಟೆಲಿನ ಮೇಟ್ರನ್ ಡೋರಿಸ್ ಅವರೇ, ಸದ್ಯಕ್ಕೆ ಖಾಲಿ ಕುರ್ಚಿಯ ರೂಪದಲ್ಲಿ ನಮ್ಮೊಡನಿರುವ ಮುಖ್ಯ ಅತಿಥಿಗಳೇ, ಬೆಳಗಿನಿಂದ ಚಾಪೆಯ ಮೇಲೆ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನನ್ನ ಹೆಸರು ಎಸ್ಲಿನ್. ಕಳೆದ ವರ್ಷದವರೆಗೆ ಇದೇ ಹಾಸ್ಟೆಲಿನ ಹುಡುಗಿ. ಈಗ ರಾಜಧಾನಿಯ ಕಾಲೇಜಿನಲ್ಲಿ ಮೊದಲ ವರ್ಷ. ಈ ಭಾಷಣ ಕಾರ್ಯಕ್ರಮದ ಪಟ್ಟಿಯಲ್ಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಇಳಿಯಬೇಕಿದ್ದ ವಿಮಾನ ಇಳಿಯಲಿಲ್ಲ, ಹನ್ನೆರಡಾಯಿತು. ಆಗ ಗರಾಯ್ ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ಎಸ್ಲಿನ್, ಒಂದಿಷ್ಟು ಹೊತ್ತು ಏನಾದ್ರೂ ಮಾತಾಡಮ್ಮ. ಜನ ಎದ್ದು ಹೋಗ್ತಾರೆ. ಸ್ವಲ್ಪ ಪಾಸಿಟಿವ್ ಆಗಿರ್ಲಿ" ಎಂದರು. ನನ್ನ ಕೈಗೊಂದು ಹಳೆಯ ಪತ್ರಿಕೆಯನ್ನೂ ಕೊಟ್ಟರು. ಅದರಲ್ಲೊಂದು ಲೇಖನವಿದೆ: ವಿಮಾನ ತಡವಾದಾಗ ಮನಸ್ಸನ್ನು ಉಲ್ಲಾಸವಾಗಿ ಇಟ್ಟುಕೊಳ್ಳುವುದು ಹೇಗೆ.

ದೀರ್ಘವಾಗಿ ಉಸಿರೆಳೆದುಕೊಳ್ಳಿ, ಎನ್ನುತ್ತದೆ ಲೇಖನ. ಎಳೆದುಕೊಂಡಿದ್ದೇನೆ. ನಿಲ್ದಾಣದ ಅಂಗಡಿಗಳಲ್ಲಿ ಸುತ್ತಾಡಿ, ಎನ್ನುತ್ತದೆ. ನಮ್ಮ ನಿಲ್ದಾಣದಲ್ಲಿ ಒಂದು ಗರಿಯ ಚಪ್ಪರವಿದೆ, ಬೆಂಚಿದೆ, ವಿಮಾನ ಇಳಿಯುವ ಹುಲ್ಲುಪಟ್ಟಿಯ ಮೇಲೆ ಹಂದಿಗಳಿವೆ. ಸುತ್ತಾಡಬಹುದು. ಕೆಟ್ಟದ್ದನ್ನು ಊಹಿಸಿಕೊಳ್ಳಬೇಡಿ, ಎಂದೂ ಹೇಳುತ್ತದೆ. ಇದನ್ನು ಬರೆದವರಿಗೆ ನನ್ನ ವಂದನೆಗಳು. ಅವರ ಅಮ್ಮ ಎಂದೂ ನಮ್ಮೂರಿನಿಂದ ವಿಮಾನ ಹತ್ತಿರಲಾರರು.

ನನ್ನ ಅಮ್ಮ ಆ ವಿಮಾನದಲ್ಲಿದ್ದಾಳೆ. ಇರಬೇಕು. ಇದ್ದಾಳೋ ಇಲ್ಲವೋ ಗೊತ್ತಿಲ್ಲ.

ಕ್ಷಮಿಸಿ. ಉಲ್ಲಾಸದ ವಿಷಯಕ್ಕೆ ಬರುತ್ತೇನೆ. ನಮ್ಮೂರಿರುವುದು ಇನ್ನೊಂದು ದ್ವೀಪದಲ್ಲಿ, ಅಲ್ಲಿಂದ ಇಲ್ಲಿಗೆ ವಿಮಾನದಲ್ಲಿ ಮೂವತ್ತೈದು ನಿಮಿಷ. ಹಾಸ್ಟೆಲಿನಲ್ಲಿದ್ದಾಗ ನಾನು ಈ ಮೂವತ್ತೈದು ನಿಮಿಷವನ್ನು ಎಷ್ಟು ಸಲ ಎಣಿಸಿಲ್ಲ? ಹನ್ನೆರಡು ವರ್ಷದವಳಾಗಿ ಇಲ್ಲಿಗೆ ಬಂದಾಗ ರಾತ್ರಿ ಅಳುತ್ತಿದ್ದ ಹುಡುಗಿಗೆ ಮೇಟ್ರನ್ ಹೇಳುತ್ತಿದ್ದುದು ಒಂದೇ ಮಾತು: "ನಿಮ್ಮಮ್ಮ ಏನು ಚಂದ್ರಲೋಕದಲ್ಲಿದ್ದಾಳಾ? ಮೂವತ್ತೈದು ನಿಮಿಷ ಕಣೇ. ಬಟ್ಟೆ ಒಗೆಯೋದ್ರೊಳಗೆ ಬಂದ್ಬಿಡ್ತಾಳೆ." ವಿಮಾನ ಒಂಬತ್ತೂವರೆಗೆ ಅಲ್ಲಿಂದ ಹೊರಡಬೇಕಿತ್ತು. ಈಗ ನೀವೇ ಲೆಕ್ಕ ಹಾಕಿ. ಬೇಡ, ಹಾಕಬೇಡಿ.

ನಮ್ಮೂರಿನ ಹುಲ್ಲುಪಟ್ಟಿಯಲ್ಲಿ ವಿಮಾನ ಹತ್ತುವವರನ್ನೆಲ್ಲ ಕೊಬ್ಬರಿ ಮೂಟೆ ತೂಗುವ ಯಂತ್ರದ ಮೇಲೆ ಗಂಟುಮೂಟೆ ಸಮೇತ ನಿಲ್ಲಿಸುತ್ತಾರೆ. ಇಲ್ಲೂ ಹಾಗೆಯೇ. ಆದರೆ ಅಲ್ಲಿ ತೂಗುವವನು ಸೈಲಸ್ ಮಾವ, ನನ್ನ ಅಮ್ಮನ ಅಣ್ಣ. ನಮ್ಮ ದ್ವೀಪದವರ ಕಟ್ಟುಪಾಡು ನಿಮ್ಮದಕ್ಕಿಂತ ಬಿಗಿ. ಅಣ್ಣನಾದವನು ತಂಗಿಯ ಮೈಯ ವಿಷಯ ಎತ್ತುವಂತಿಲ್ಲ, ನೇರವಾಗಿ ನೋಡುವಂತೆಯೂ ಇಲ್ಲ. ಹಾಗಾಗಿ ಅಮ್ಮ ಯಂತ್ರ ಹತ್ತಿದ ಕೂಡಲೇ ಮಾವ ಸಮುದ್ರದ ಕಡೆ ತಿರುಗಿ ನಿಲ್ಲುತ್ತಾನೆ. "ಎಷ್ಟು?" ಎಂದು ಅಲೆಗಳನ್ನು ಕೇಳುತ್ತಾನೆ.

"ಅರವತ್ತು" ಎನ್ನುತ್ತಾಳೆ ಅಮ್ಮ.

"ಅರವತ್ತು" ಎಂದು ಮಾವ ಬರೆದುಕೊಳ್ಳುತ್ತಾನೆ.

ನಮ್ಮ ಬಳಗದ ಲೆಕ್ಕದಲ್ಲಿ ಊರಿನ ಅರ್ಧ ಹೆಂಗಸರು ಮಾವನಿಗೆ ತಂಗಿಯರೇ. ಅವರೆಲ್ಲರೂ ಅರವತ್ತು. ಬಸುರಿಯೂ ಅರವತ್ತು, ಬಾಣಂತಿಯೂ ಅರವತ್ತು, ಮಡಿಲಲ್ಲಿ ಮೊಮ್ಮಗನನ್ನು ಇಟ್ಟುಕೊಂಡ ಅಜ್ಜಿಯೂ ಅರವತ್ತು. ನೀವು ನಗುತ್ತಿದ್ದೀರಿ. ನಾನೂ ಹಾಗೆಯೇ ನಗುತ್ತಿದ್ದೆ.

ಕಳೆದ ಫೆಬ್ರವರಿಯಲ್ಲಿ ಅಮ್ಮ ನನ್ನನ್ನು ಕಾಲೇಜಿಗೆ ಬಿಡಲು ಹೊರಟಳು. ಅರವತ್ತರ ಹೆಂಗಸರು ಐದು ಜನ. ನನಗೆ ಅವನು ಮಾವ, ಅಣ್ಣನಲ್ಲ. ನನ್ನ ಅಂಕೆಯನ್ನು ಅವನು ಕಣ್ಣಾರೆ ನೋಡಿಯೇ ಬರೆದ. ನೋಡಿದ ಮೇಲೆ ನಾನು ಬೇಲಿಯ ಹತ್ತಿರ ಹೋಗಿ, ಚಿಕ್ಕಮ್ಮನ ಕೈಯಿಂದ ಇನ್ನೊಂದು ಗಂಟು ಇಸಿದುಕೊಂಡೆ. ಇದನ್ನು ಹೇಳಬೇಕೆಂದಿರಲಿಲ್ಲ. ಹೇಳಿಯಾಯಿತು.

ಅಂದು ವಿಮಾನ ಓಡಿತು, ಓಡಿತು, ಏಳಲಿಲ್ಲ. ಪಟ್ಟಿಯ ಕೊನೆಯ ತೆಂಗಿನ ಮರಗಳು ಕಿಟಕಿಯ ತುಂಬ ಬಂದವು. ಆಮೇಲೆ ವಿಮಾನ ಒಮ್ಮೆಲೇ ಮೇಲೆದ್ದಿತು, ಏನೋ ಸರಕ್ಕನೆ ತರಚಿತು, ಮತ್ತೆ ಕೆಳಗೆ ಸಮುದ್ರ ಕಂಡಿತು. ಇಳಿದ ಮೇಲೆ ಪೈಲಟ್ ಬಗ್ಗಿ ಚಕ್ರದಿಂದ ಒಂದು ಹಸಿ ತೆಂಗಿನ ಗರಿ ಎಳೆದು ತೆಗೆದ.

"ಇದು ಯಾರದಮ್ಮ?" ಎಂದ ನಮ್ಮನ್ನು ನೋಡಿ.

"ಯಾರದಾದ್ರೇನಪ್ಪ, ಇಲ್ಲಿ ಕೊಡು. ಬುಟ್ಟಿ ಹೆಣೆಯೋಕೆ ಆಗತ್ತೆ" ಎಂದಳು ಅಮ್ಮ. ಎಲ್ಲರೂ ನಕ್ಕರು. ಪೈಲಟ್ ನಗಲಿಲ್ಲ. ಅಮ್ಮ ನಿಜವಾಗಿಯೂ ಬುಟ್ಟಿ ಹೆಣೆದಳು. ಕಾಲೇಜು ಹಾಸ್ಟೆಲಿನ ನನ್ನ ಮಂಚದ ಕೆಳಗೆ ಅದು ಈಗಲೂ ಇದೆ. ಅದರಲ್ಲಿ ನಾನು ಏನನ್ನೂ ಇಡುವುದಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು ಭಾರದ ಪಾಠ ಮಾಡುವಾಗ ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ನಮ್ಮೂರಿನ ಹೆಂಗಸರ ಹೆಸರು ಬರೆದು, ಎದುರಿಗೆ ನಿಜವಾದ ತೂಕವನ್ನು ಅಂದಾಜಿನಿಂದ ಬರೆದೆ. ಕೂಡಿಸಿದೆ. ತಪ್ಪಿರಬೇಕೆಂದು ಮತ್ತೆ ಕೂಡಿಸಿದೆ. ವಿಮಾನಕ್ಕೆ ಅಣ್ಣ ತಂಗಿಯರ ಮರ್ಯಾದೆ ಗೊತ್ತಾಗುತ್ತದೆಯೇ ಸಭಿಕರೇ? ಅದಕ್ಕೆ ಯಾರು ಹೇಳಬೇಕು?

ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಡಿದ್ದೇನು? ಈ ವಾರ್ಷಿಕೋತ್ಸವದಲ್ಲಿ ನನಗೊಂದು ಬಹುಮಾನ, ಅದನ್ನು ತಾಯಂದಿರ ಕೈಯಿಂದಲೇ ಕೊಡಿಸುತ್ತೇವೆ ಎಂದು ಗರಾಯ್ ಸರ್ ಬರೆದರು. ನಾನು ಕುಣಿದಾಡಿ ಅಮ್ಮನಿಗೆ ಕಾಗದ ಬರೆದೆ: ಅಮ್ಮ ಬಾ, ಬರುವಾಗ ಹೊಸ ಹೆಗ್ಗೆಣಸು ತಾ, ಹಾಸ್ಟೆಲಿನ ಹುಡುಗಿಯರಿಗೆಲ್ಲ ಆಗುವಷ್ಟು ತಾ. ಎಂಬತ್ತು ಹುಡುಗಿಯರು. ಕಾಗದವನ್ನು ಡಬ್ಬಕ್ಕೆ ಹಾಕುವಾಗ ಹಿಂದಿನ ಹಾಳೆಯ ಲೆಕ್ಕ ನೆನಪಿಗೇ ಬರಲಿಲ್ಲ. ನೆನಪಾದದ್ದು ನಿನ್ನೆ, ಊರಿನ ಕಡೆ ಗಾಳಿ ಎದ್ದಿದೆ ಎಂದು ಯಾರೋ ಅಂದಾಗ.

ಇವತ್ತು ಬೆಳಿಗ್ಗೆ ಏಳಕ್ಕೆ ಶಾಲೆಯ ಆಫೀಸಿನ ರೇಡಿಯೊ ಮುಂದೆ ಕುಳಿತು ಮಾವನನ್ನು ಕರೆದೆ. "ಮಾವ, ಇವತ್ತೊಂದಿನ ಸಮುದ್ರ ನೋಡ್ಬೇಡ. ಯಂತ್ರ ನೋಡು. ಅಮ್ಮ ಅರವತ್ತಲ್ಲ" ಎಂದೆ.

ಉತ್ತರ ಬರಲಿಲ್ಲ. ಬರೀ ಗರಗರ ಸದ್ದು. "ಕೇಳಿಸ್ತಾ ಮಾವ?" ಎಂದೆ. ಗರಗರ. ಅದಾದ ಮೇಲೆ ಅದೂ ನಿಂತುಹೋಯಿತು.

ಸೋದರಸೊಸೆಯಾದವಳು ಮಾವನಿಗೆ ಹೋಗಿ ನಿನ್ನ ತಂಗಿಯ ಮೈ ನೋಡು ಎಂದಿದ್ದಾಳೆ. ನಮ್ಮಲ್ಲಿ ಇದಕ್ಕೆ ಹಂದಿ, ಚಾಪೆ ತಂದಿಟ್ಟು ತಪ್ಪು ಒಪ್ಪಿಕೊಳ್ಳಬೇಕು. ಮಾತು ಅವನಿಗೆ ಕೇಳಿಸಿದ್ದರೆ, ಅಮ್ಮ ಊರೆಲ್ಲರ ಎದುರಿಗೆ ತಲೆತಗ್ಗಿಸಿ ನಿಂತಿದ್ದಾಳೆ, ವಿಮಾನ ನೆಲದ ಮೇಲಿದೆ, ನಿಮ್ಮನ್ನು ಎರಡು ಗಂಟೆ ಹಸಿವಿನಲ್ಲಿ ಕೂರಿಸಿದವಳು ನಾನು. ಕೇಳಿಸಿರದಿದ್ದರೆ ಅದು ಒಂಬತ್ತೂವರೆಗೇ ಹೊರಟಿದೆ. ನನಗೆ ಎರಡೂ ಭಯವೇ. ಆದರೆ ಇಲ್ಲಿ ನಿಂತು ನಾನು ಒಂದೇ ಸಮನೆ ಬೇಡಿಕೊಳ್ಳುತ್ತಿರುವುದು, ಆ ಮೊದಲನೆಯದೇ ನಿಜವಾಗಿರಲಿ ಎಂದು. ಅಮ್ಮ ನನ್ನನ್ನು ಒಂದು ವರ್ಷ ಮಾತಾಡಿಸದಿರಲಿ. ಎರಡು ವರ್ಷ ಬೇಕಾದರೂ ಮಾತಾಡಿಸದಿರಲಿ.

ಗರಾಯ್ ಸರ್, ಪಾಸಿಟಿವ್ ಆಗಿ ಹೇಳುವುದು ನನಗೆ ಇಷ್ಟೇ ಬರುತ್ತದೆ: ವಿಮಾನ ತಡವಾಗಿದೆ ಎಂದರೆ ಅದು ಹೊರಟಿಲ್ಲದಿರಬಹುದು. ನಾನು ಇವತ್ತು ಈ ತಡವನ್ನೇ ನಂಬಿಕೊಂಡು ನಿಂತಿದ್ದೇನೆ.

ಮೇಟ್ರನ್ ಬಾಗಿಲ ಹತ್ತಿರದಿಂದ ಓಡಿಬರುತ್ತಿದ್ದಾರೆ. ಕೈಯಲ್ಲಿ ಚೀಟಿಯಿದೆ. ಅವರು ಓಡಿದ್ದನ್ನು ನಾನು ಆರು ವರ್ಷದಲ್ಲಿ ನೋಡಿಲ್ಲ. ದಯವಿಟ್ಟು ಒಂದು ನಿಮಿಷ.

ಆಫೀಸಿನ ಗುಮಾಸ್ತರ ಅಕ್ಷರ. ರೇಡಿಯೊ ಮತ್ತೆ ಬಂದಿದೆಯಂತೆ. ಸೈಲಸ್ ಮಾವ ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದಾರೆ. ಓದುತ್ತೇನೆ.

"ಎಸ್ಲಿನ್‌ಗೆ ಹೇಳಿ. ಕೇಳಿಸಿತು. ನಾನು ಯಂತ್ರ ನೋಡಿಲ್ಲ, ನೋಡೋದೂ ಇಲ್ಲ. ಸಮುದ್ರದ ಕಡೆ ತಿರುಗಿಕೊಂಡೇ ಕೇಳಿದೆ, ನಮ್ಮ ಮಗು ಹೆದರಿಕೊಂಡಿದೆ, ಹತ್ತಿದವರು ಇವತ್ತು ನಿಜವಾದ ಅಂಕೆ ಹೇಳಿ ಅಂತ. ಪೈಲಟ್ ಎರಡು ಗಂಟೆ ಕಾದ. ಕೊನೆಗೆ ನಿನ್ನ ಅಮ್ಮನೇ ಮೊದಲು ಗಟ್ಟಿಯಾಗಿ ಹೇಳಿದಳು. ಎಂಬತ್ತನಾಲ್ಕು. ಆಮೇಲೆ ಉಳಿದವರೂ ಹೇಳಿದರು. ಒಬ್ಬರು ಇಳಿಯಬೇಕಾಯಿತು. ನಿನ್ನ ಅಮ್ಮ ಮೇಬಲ್ಲೇ ಇಳಿದಳು. ಹೆಗ್ಗೆಣಸು ಇಳಿಸು ಅಂದೆ. ಅದು ಮಕ್ಕಳಿಗೆ, ಹೋಗಲಿ ಅಂದಳು. ವಿಮಾನ ಹನ್ನೊಂದು ಐವತ್ತಕ್ಕೆ ಮರಗಳ ಮೇಲೆ ಎತ್ತರದಲ್ಲಿ ಹೋಯಿತು."

ಕೆಳಗೆ ಇನ್ನೊಂದು ಸಾಲಿದೆ. "ನಿನ್ನ ಅಮ್ಮ ಹೇಳ್ತಿದ್ದಾಳೆ: ಹೆಗ್ಗೆಣಸನ್ನು ಕಾಯಿಸಿದ ಕಲ್ಲಿನ ಮೇಲೆ ಸಿಪ್ಪೆ ಸಮೇತ ಇಡಬೇಕಂತೆ. ಹಂದಿ ತಗೊಂಡು ಡಿಸೆಂಬರ್‌ನಲ್ಲಿ ಬಾ ಅಂತೆ, ದೋಣಿಯಲ್ಲಿ."

ಹನ್ನೊಂದು ಐವತ್ತು, ಅದಕ್ಕೆ ಮೂವತ್ತೈದು. ಈಗ ಹನ್ನೆರಡು ಇಪ್ಪತ್ತನಾಲ್ಕು. ದಯವಿಟ್ಟು ಎಲ್ಲರೂ ಒಂದು ನಿಮಿಷ ಸದ್ದು ಮಾಡದೆ ಕೂರಿ. ಮಕ್ಕಳನ್ನು ಸುಮ್ಮನಿರಿಸಿ.

ಅದೇ ಅಲ್ಲವೇ? ಬೆಟ್ಟದ ಕಡೆಯಿಂದ. ಹೌದು.

ಹಂದಿ ಓಡಿಸುವ ಸರದಿ ಇರುವವರು ದಯವಿಟ್ಟು ಪಟ್ಟಿಗೆ ಓಡಿ. ಮೇಟ್ರನ್, ಕಲ್ಲು ಕಾಯಿಸಲು ಹೇಳಿ. ಗರಾಯ್ ಸರ್, ಬಹುಮಾನ ಕೊಡುವಾಗ ಅಮ್ಮನಿಗೆಂದು ಇಟ್ಟ ಆ ಮುಂದಿನ ಕುರ್ಚಿ ಖಾಲಿಯೇ ಇರಲಿ, ಬೇರೆ ಯಾರನ್ನೂ ಕೂರಿಸಬೇಡಿ. ಅದರ ಮೇಲೆ ಒಂದು ಹೆಗ್ಗೆಣಸು ಇಡುತ್ತೇನೆ. ಇಷ್ಟು ಹೊತ್ತು ನನ್ನ ಜೊತೆ ಕುಳಿತು ಕಾದಿದ್ದಕ್ಕೆ ನಿಮಗೂ, ಸಮುದ್ರದ ಕಡೆ ತಿರುಗಿ ನಿಂತೇ ನನ್ನ ಮಾತು ನಡೆಸಿಕೊಟ್ಟ ನನ್ನ ಮಾವನಿಗೂ, ಎಂಬತ್ತನಾಲ್ಕು ಕಿಲೋ ತೂಗುವ ನನ್ನ ಅಮ್ಮನಿಗೂ ನಾನು ಋಣಿ. ನಮಸ್ಕಾರ.